ಜೋಡಿ ಇಲ್ಲದ ಗಾಯ

ಸಿಂಹ ಇನ್ನೂ ಪೂರ್ತಿ ಒಣಗಿರಲಿಲ್ಲ.

ರಘುನಂದನನ ಎಡತೋಳಿನ ಒಳಮೈಯಲ್ಲಿ, ಮೊಣಕೈ ಮಡಿಕೆಯಿಂದ ಮಣಿಕಟ್ಟಿನವರೆಗೆ, ಕೆಮ್ಮಣ್ಣಿನಲ್ಲಿ ಬರೆದ ಸಿಂಹ ಬಾಲ ಎತ್ತಿ ನಿಂತಿತ್ತು. ಬರೆದವರಿಗೆ ಸಿಂಹದ ಪರಿಚಯ ಅಷ್ಟಾಗಿ ಇದ್ದಂತಿರಲಿಲ್ಲ. ಮುಖ ಹಸುವಿನದು, ಕಿವಿ ಮೊಲದ್ದು. ಕಣ್ಣು ಮಾತ್ರ ಸೊಗಸಾಗಿ ಬಂದಿತ್ತು. ಕೊಪ್ಪದ ಮಧ್ಯಾಹ್ನದ ಬಿಸಿಲು ಅವನ ಮನೆಯ ಕಿಟಕಿಯಿಂದ ಇಳಿದು ಆ ಕಣ್ಣಿನ ಮೇಲೆ ಬಿದ್ದಾಗ, ಅದು ತನ್ನನ್ನೇ ನೋಡುತ್ತಿದೆ ಎಂದು ಡಾಕ್ಟರ್ ವನಜಾಗೆ ಒಂದು ಗಳಿಗೆ ಅನ್ನಿಸಿತು.

"ಇದನ್ನ ತೊಳೀಬೇಕು," ಎಂದಳು.

"ತೊಳೆಯೋ ಮಾತು ಆಡ್ಬೇಡಿ ಡಾಕ್ಟ್ರಮ್ಮ." ರಘುನಂದನನ ತಾಯಿ ಮಂಗಳಮ್ಮ ಮಗನಿಗೂ ಡಾಕ್ಟರಿಗೂ ನಡುವೆ ಬಂದು ನಿಂತರು. "ಸರ್ಪಸುತ್ತು ಕಣಮ್ಮ ಅದು. ಸಿಂಹ ಕಾವಲು ಕೂತದೆ. ಅಳಿಸ್ಬುಟ್ರೆ ಹಾವಿನ ತಲೆ ಬಾಲ ಸೇರ್ಕೊಂತದೆ. ಸೇರ್ಕೊಂಡ್ರೆ ನನ್ ಮಗ ಉಳೀತಾನಾ?"

ಬಾಗಿಲಿಗೆ ಒರಗಿ ನಿಂತಿದ್ದ ಸಬ್ ಇನ್ಸ್‌ಪೆಕ್ಟರ್ ಶಶಿಧರ್ ಟೋಪಿ ತೆಗೆದು ತಲೆ ಕೆರೆದುಕೊಂಡ.

"ಅಲ್ಲ ಕಣಮ್ಮ, ನೀವು ಸರ್ಪ ಅಂತೀರಿ. ನಿಮ್ಮ ಮಗ ನೆನ್ನೆ ಸಂಜೆ ಠಾಣೇಲಿ ಆಸಿಡ್ ಅಂತ ಬರ್ಕೊಟ್ಟವ್ನೆ. ನಾನು ಯಾವ್ದನ್ನ ನಂಬ್ಲಿ?"

"ಆಸಿಡ್ಡೋ ಗೀಸಿಡ್ಡೋ. ಗುಳ್ಳೆ ಎದ್ದು ಸುತ್ಕೊಂಡ್ ಮೇಲೆ ಅದು ಸರ್ಪಾನೇಯ."

ಶಶಿಧರ್ ವನಜಾಳ ಕಡೆ ತಿರುಗಿದ. "ಮೇಡಂ, ನನಗೆ ಒಂದೇ ಮಾತು ಸಾಕು. ಆಸಿಡ್ಡಾ, ಅಲ್ವಾ?"

ಆ ಒಂದು ಮಾತಿನ ಮೇಲೆ ಒಬ್ಬನ ಬದುಕು ನಿಂತಿತ್ತು. ಶುಕ್ರವಾರ ರಾತ್ರಿ ಕೊಪ್ಪದ ಕರಿಯಪ್ಪ ತನ್ನ ಗದ್ದೆಯ ಪಂಪ್‌ಸೆಟ್ ಮನೆ ಪಕ್ಕದ ಕಾಲುವೆಯಲ್ಲಿ ಸತ್ತುಬಿದ್ದಿದ್ದ. ರಘುನಂದನ ಅವನ ತಮ್ಮನ ಮಗ. ಊರೆಲ್ಲ ಆ ಸಾವಿನ ಗುಸುಗುಸುವಿನಲ್ಲಿ ಇರುವಾಗಲೇ, ಭಾನುವಾರ ಸಂಜೆ, ಇದೇ ರಘುನಂದನ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಠಾಣೆಗೆ ಬಂದ. ಮದ್ದೂರು ಬಸ್ ನಿಲ್ದಾಣದ ಜನಜಂಗುಳಿಯಲ್ಲಿ ಅಂಬರೀಶ ತನ್ನ ಮೇಲೆ ಆಸಿಡ್ ಎರಚಿ ಓಡಿಹೋದ ಎಂದು ದೂರು ಕೊಟ್ಟ. ಪೂರಿಗಾಲಿಯ ಪಟ್ಟಲಮ್ಮನ ಒಬ್ಬನೇ ಮಗ ಅಂಬರೀಶ ಆಗಿನಿಂದ ಲಾಕಪ್ಪಿನಲ್ಲಿದ್ದ. ಇವತ್ತು ಸಂಜೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಆಸಿಡ್ ಹೌದಾದರೆ ಅವನು ಜೈಲು ಬಿಟ್ಟು ಬರುವ ಹೊತ್ತಿಗೆ ತಲೆ ಬೆಳ್ಳಗಾಗಿರುತ್ತದೆ.

ಪಟ್ಟಲಮ್ಮನೂ ವನಜಾಳ ತಾಯಿಯೂ ಒಂದೇ ಗದ್ದೆಯಲ್ಲಿ ನಾಟಿ ಮಾಡಿದವರು. ವನಜಾ ಆ ಮಾತನ್ನು ಬೆಳಿಗ್ಗೆಯೇ ಶಶಿಧರನಿಗೆ ಹೇಳಿ, "ಬೇರೆ ಡಾಕ್ಟರನ್ನು ಕರೀರಿ," ಎಂದಿದ್ದಳು. ಅವನು ನಕ್ಕುಬಿಟ್ಟಿದ್ದ. ರಘುನಂದನ ತನಗೂ ದೂರದ ನೆಂಟನಂತೆ. ಈ ಸೀಮೆಯಲ್ಲಿ ಯಾರಿಗೂ ಸಂಬಂಧ ಇಲ್ಲದವರನ್ನು ಹುಡುಕುತ್ತಾ ಹೋದರೆ ಯಾವ ಕೇಸೂ ಮುಗಿಯುವುದಿಲ್ಲ.

"ಹೆಸರು ಆಮೇಲೆ," ಎಂದಳು ವನಜಾ. "ಮೊದಲು ನೋಡೋಣ."

ಮಳವಳ್ಳಿ ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರಾದ ಅವಳನ್ನು ಎಲ್ಲರೂ ಕಿಚಾಯಿಸುವುದು ಈ ಮಾತಿಗೇ. ರೋಗಿಗಳು ಹೆಸರು ಹಿಡಿದುಕೊಂಡೇ ಒಳಗೆ ಬರುತ್ತಾರೆ. ನಂಗೆ ಅಲರ್ಜಿ, ನಂಗೆ ಇಸುಬು, ನಮ್ಮ ಹುಡುಗಿಗೆ ಚಿಬ್ಬು. ವನಜಾ ಅದನ್ನು ಕಿವಿಗೆ ಹಾಕಿಕೊಳ್ಳದೆ ಬೆಳಕಿನ ಕೆಳಗೆ ಕೂರಿಸುತ್ತಾಳೆ. ಎಲ್ಲಿದೆ, ಯಾವ ಬಣ್ಣ, ಅಂಚು ಹೇಗಿದೆ, ಉಬ್ಬಿದೆಯೋ ತಗ್ಗಿದೆಯೋ, ಒಂಟಿಯೋ ಗುಂಪೋ ಸಾಲೋ. ಎಷ್ಟೋ ಸಲ ಅಲರ್ಜಿ ಎಂದು ಬಂದದ್ದು ಹುಳುಕಡ್ಡಿಯಾಗಿ ಮನೆಗೆ ಹೋಗುತ್ತದೆ.

ಹಾಗೆ ನೋಡುವಾಗ ಅವಳಿಗೆ ಸುತ್ತಲ ಸದ್ದೆಲ್ಲ ದೂರ ಸರಿಯುತ್ತಿತ್ತು. ಗುಡ್ಡದ ಮೇಲೆ ನಿಂತು ಊರು ನೋಡಿದ ಹಾಗೆ ಚರ್ಮ ಹರಡಿಕೊಳ್ಳುತ್ತಿತ್ತು. ಅದರ ಬದುಗಳು, ಒಣಗಿದ ಕೆರೆಗಳು, ಯಾರೋ ನಡೆದುಹೋದ ಕಾಲುದಾರಿಗಳು. ಕೆಲವು ರಾತ್ರಿ ನಿದ್ದೆಯಲ್ಲೂ ಅವಳು ಅಲ್ಲಿ ಓಡಾಡುತ್ತಿದ್ದಳು. ಇದನ್ನು ಯಾರಿಗೂ ಹೇಳಿರಲಿಲ್ಲ. ಡಾಕ್ಟರಿಗೇ ಡಾಕ್ಟರು ಬೇಕು ಅಂದಾರು.

ಕಾಫಿ ಬಂತು. ಶಶಿಧರನಿಗೆ ಸ್ಟೀಲ್ ಲೋಟ, ಅವಳಿಗೆ ಪೇಪರ್ ಕಪ್ಪು. ವನಜಾ ನೋಡಿದಳು. ಕುಡಿದು ಕಪ್ಪನ್ನು ಪಕ್ಕಕ್ಕಿಟ್ಟಳು.

"ಮಂಗಳಮ್ಮನೋರೇ, ನಾನು ಮುಟ್ಟಿ ಅಳಿಸಲ್ಲ. ನಿಮ್ಮ ಕೈಯಿಂದ ನೀವೇ ಒರೆಸಿ. ಕೊಬ್ಬರಿ ಎಣ್ಣೆ ಹಾಕಿ ಮೆಲ್ಲಗೆ. ಬರೆದವರನ್ನೂ ಕರೆಸಿ ಜಗುಲಿ ಮೇಲೆ ಕೂರಿಸ್ಕೊಳಿ. ನಾನು ನೋಡಿ ಮುಗಿಸಿದ ತಕ್ಷಣ ಮತ್ತೆ ಬರೀಲಿ."

"ಅಲ್ಲೀಗಂಟ ಸರ್ಪ ಸುಮ್ನಿರ್ತದಾ?"

"ಕೈ ನಾನು ಹಿಡ್ಕೊಂಡಿರ್ತೀನಿ. ಸರ್ಪ ನನ್ನ ದಾಟ್ಕೊಂಡು ಹೋಗ್ಲಿ ನೋಡೋಣ."

ಮಂಗಳಮ್ಮನ ಕಣ್ಣಲ್ಲಿ ನೀರು ತುಂಬಿತು. ಮೊದಲ ಸಲ ಅವರು ವನಜಾಳ ಮುಖವನ್ನು ನೇರವಾಗಿ ನೋಡಿದರು.

"ಎಂಗಮ್ಮ ಒರೆಸ್ಲಿ? ಮೂರು ಸಲ ಬರೆಸ್ಬೇಕು. ಎಲ್ಡಾಗದೆ, ಇನ್ನೊಂದು ಬಾಕಿ ಅದೆ. ಮಧ್ಯದಲ್ಲಿ ಅಳಿಸಿದ್ರೆ ಎಲ್ಲಾ ನೀರ್ಪಾಲು."

ವನಜಾ ಬ್ಯಾಗಿನಿಂದ ಭೂತಗನ್ನಡಿ ತೆಗೆಯುತ್ತಿದ್ದಳು. ಕೈ ಅಲ್ಲೇ ನಿಂತಿತು.

"ಎರಡು ಸಲ ಬರೆಸಿದ್ರಾ? ಯಾವಾಗ ಯಾವಾಗ?"

"ಇವತ್ತು ಈಗ್ತಾನೆ ಒಂದು. ನೆನ್ನೆ ವತ್ತಾರೆ ಒಂದು. ಭಾನುವಾರ ಸೂರ್ಯ ಉಟ್ಟೋ ಒತ್ನಲ್ಲಿ ಬರೆಸಿದ್ರೆ ಸಿಂಹಕ್ಕೆ ಬಲ ಜಾಸ್ತಿ ಅಂತ ನಾನೇ ಓಗಿ ಚಲುವಮ್ಮನ್ನ ಎಬ್ಬುಸ್ಕೊಂಡು ಬಂದೆ."

ಶಶಿಧರ್ ಲೋಟವನ್ನು ಕಿಟಕಿಯ ಮೇಲಿಟ್ಟ.

"ಆಸಿಡ್ ಬಿದ್ದಿದ್ದು ನೆನ್ನೆ ಸಂಜೆ," ಎಂದ.

ಹೊರಗೆ ಕಾಲುವೆಯ ನೀರಿನ ಸದ್ದು ಕೇಳಿಸುತ್ತಿತ್ತು. ಅಷ್ಟು ಹೊತ್ತೂ ಅದು ಇತ್ತು, ಈಗ ಕೇಳಿಸಿತು.

"ಅವ್ವ, ನೀನು ಒಳಗೋಗು." ರಘುನಂದನ ಬಾಯಿಬಿಟ್ಟ ಮೊದಲ ಮಾತು ಅದು. "ಸಾರ್, ಅವ್ವಂಗೆ ದಿನ ನೆನಪಿರಲ್ಲ. ದೊಡ್ಡಪ್ಪ ಸತ್ತ ಮೇಲೆ ಎಲ್ಲಾ ಕಲಸ್ಕೊಂಡವ್ಳೆ."

"ನಂಗೆ ದಿನ ಗೊತ್ತಾಗಲ್ವೇನ್ಲಾ?" ಮಂಗಳಮ್ಮ ಕೆರಳಿದರು. "ಸೂತಕ ಅಂತ ಭಾನುವಾರ ಒಲೆ ಮೇಲೆ ಬಾಡು ಇಕ್ಲಿಲ್ಲ ನಾನು. ಭಾನುವಾರನ ಮರ್ತೋಗ್ತದಾ?"

ಆ ಸಾಕ್ಷಿಯ ಎದುರು ಯಾವ ವಕೀಲನೂ ನಿಲ್ಲುವಂತಿರಲಿಲ್ಲ. ಮಗ ಏನು ಬರೆದುಕೊಟ್ಟಿದ್ದಾನೆ ಎಂಬುದನ್ನು ತಾಯಿಗೆ ಹೇಳಿಯೇ ಇರಲಿಲ್ಲ. ತಾಯಿ ಬೆಳಿಗ್ಗೆ ಕಾವಲಿಗಿಟ್ಟ ಸಿಂಹವನ್ನು ಮಗ ಸಂಜೆ ತೊಳೆದು, ಬ್ಯಾಂಡೇಜು ಸುತ್ತಿಕೊಂಡು ಠಾಣೆಗೆ ನಡೆದಿದ್ದ.

"ಒರೆಸಿ ಅಮ್ಮ," ಎಂದಳು ವನಜಾ, ಬಹಳ ಮೆತ್ತಗೆ.

ಎಣ್ಣೆಯಲ್ಲಿ ಅದ್ದಿದ ಹತ್ತಿ ಹರಿದಾಡಿದಂತೆ ಸಿಂಹ ಕರಗಿತು. ಮೊದಲು ಬಾಲ ಹೋಯಿತು, ಆಮೇಲೆ ಬೆನ್ನು. ಕೊನೆಗೆ ಆ ಕಣ್ಣೂ ಕೆಂಪೆಣ್ಣೆಯಾಗಿ ಕೆಳಗಿಟ್ಟ ಬಟ್ಟಲಿಗೆ ಇಳಿಯಿತು. ವನಜಾ ಮಾತು ಕೊಟ್ಟಂತೆ ಅವನ ಮಣಿಕಟ್ಟು ಹಿಡಿದೇ ಇದ್ದಳು. ನಾಡಿ ಓಡುತ್ತಿತ್ತು.

ಅವಳು ತೋಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ನಿದ್ದೆಯಲ್ಲಿ ಮಾತಾಡುವವರ ದನಿಯಲ್ಲಿ ಹೇಳತೊಡಗಿದಳು. ಶಶಿಧರ್ ಬರೆದುಕೊಂಡ.

"ಎಡತೋಳಿನ ಒಳಮೈ. ಗೆರೆಯಂಥ ಗಾಯಗಳು, ಬೆರಳಗಲವೂ ಇಲ್ಲ. ಅಂಚು ಕೆಂಪು, ನಡುವೆ ಬೂದು. ಅದರ ಮೇಲೆ ಸಾಸಿವೆಗಿಂತ ಸಣ್ಣ ಕೀವುಗುಳ್ಳೆ, ಒತ್ತೊತ್ತಾಗಿ. ಆಳಕ್ಕೆ ಸುಟ್ಟಿಲ್ಲ, ಮೇಲುಮೇಲೆ ಅಷ್ಟೆ. ಎರಚಿದ ಹನಿ ಇಲ್ಲ. ಕೆಳಕ್ಕೆ ಹರಿದ ಗುರುತಿಲ್ಲ." ಅವಳು ತಲೆ ಎತ್ತಿದಳು. "ಗುಳ್ಳೆ ಏಳೋ ಮೊದಲೇ ನೋವಿತ್ತಾ?"

"ಇಲ್ಲ," ಎಂದ ರಘುನಂದನ.

"ಸರ್ಪಸುತ್ತಾದರೆ ಸಾಮಾನ್ಯವಾಗಿ ನೋವು ಮುಂಚೆ ಬರುತ್ತೆ, ಗುಳ್ಳೆ ಆಮೇಲೆ. ಅದು ನರದ ದಾರಿ ಹಿಡಿದು ಗೊಂಚಲು ಗೊಂಚಲಾಗಿ ಏಳುತ್ತೆ. ಇದು ಯಾವ ನರದ ದಾರಿಯೂ ಅಲ್ಲ. ಹೆದರ್ಕೋಬೇಡಿ ಮಂಗಳಮ್ಮನೋರೇ, ಇಲ್ಲಿ ಸರ್ಪ ಇಲ್ಲ."

ಮಂಗಳಮ್ಮ ಹತ್ತಿಯನ್ನು ಬಟ್ಟಲಿಗೆ ಹಾಕಿ ಕೂತರು. ಸಂತೋಷವೋ ಸಂಕಟವೋ ಅವರಿಗೇ ತಿಳಿಯುವಂತಿರಲಿಲ್ಲ.

"ಈಗ ಕೈ ಮಡಿಸಿ," ಎಂದಳು ವನಜಾ.

ಮೊಣಕೈ ಮಡಿಕೆಯ ಮೇಲೊಂದು ಗೆರೆ, ಕೆಳಗೊಂದು ಗೆರೆ. ಕೈ ಮಡಿಸಿದಾಗ ಎರಡೂ ಒಂದರ ಮೇಲೊಂದು ಕೂತವು, ಕನ್ನಡಿಯಲ್ಲಿ ಮುಖ ಕೂತ ಹಾಗೆ.

"ನೋಡಿದ್ರಾ ಶಶಿಧರ್? ಪುಸ್ತಕದಲ್ಲಿ ಇದನ್ನ ಮುತ್ತಿಟ್ಟ ಗಾಯ ಅಂತಾರೆ. ಒಂದು ಕಡೆಯ ಚರ್ಮಕ್ಕೆ ಹತ್ತಿದ ರಸ, ಮಡಿಸಿದಾಗ ಎದುರಿನ ಚರ್ಮಕ್ಕೂ ಅದೇ ಆಕಾರದಲ್ಲಿ ಹತ್ತುತ್ತೆ. ಈಗ ಹೆಸರು ಹೇಳ್ತೀನಿ. ಇದು ಹುಳದ ಕೆಲಸ. ಇರುವೆಯಷ್ಟು ಇರುತ್ತೆ, ಮೈಮೇಲೆ ಕಪ್ಪು ಕೆಂಪು ಪಟ್ಟೆ. ಕಚ್ಚಲ್ಲ, ಕುಟುಕಲ್ಲ. ಮೈಮೇಲೆ ಕೂತಾಗ ಗೊತ್ತಿಲ್ಲದೆ ಉಜ್ಜಿದ್ರೆ ಅದರ ರಸ ಹೀಗೆ ಸುಡುತ್ತೆ. ಅದೂ ತಕ್ಷಣ ಅಲ್ಲ, ಒಂದು ದಿನ ಬಿಟ್ಟು. ಆಸಿಡ್ಡಿಗೆ ಅಷ್ಟು ತಾಳ್ಮೆ ಇರಲ್ಲ."

"ಹಂಗಾದ್ರೆ ಹುಳ ಉಜ್ಜಿದ್ದು..."

"ಶುಕ್ರವಾರ ರಾತ್ರಿ ಸುಮಾರಿಗೆ. ಭತ್ತದ ಗದ್ದೆಯಲ್ಲಿ ಇರುತ್ತೆ. ಕತ್ತಲಾದ ಮೇಲೆ ಟ್ಯೂಬ್‌ಲೈಟ್ ಕಂಡ್ರೆ ಮುತ್ಕೊಳ್ಳುತ್ತೆ."

ಕರಿಯಪ್ಪನ ಪಂಪ್‌ಸೆಟ್ ಮನೆಗೆ ಟ್ಯೂಬ್‌ಲೈಟ್ ಇತ್ತು. ಸುತ್ತ ಭತ್ತದ ಗದ್ದೆ ಇತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

"ಶುಕ್ರವಾರ ರಾತ್ರಿ ನಾನು ಮಂಡ್ಯದಲ್ಲಿದ್ದೆ," ಎಂದ ರಘುನಂದನ. "ಮದುವೆ ಛತ್ರದಲ್ಲಿ. ಮಂಡ್ಯದಲ್ಲೂ ಗದ್ದೆ ಅವೆ, ಲೈಟೂ ಅವೆ."

"ನಿಜ," ಎಂದಳು ವನಜಾ. "ಹುಳ ಯಾವ ಊರಿನದು ಅಂತ ಚರ್ಮ ಹೇಳಲ್ಲ."

ಆದರೆ ಅವಳ ಕಣ್ಣು ಇನ್ನೂ ಆ ತೋಳನ್ನು ಬಿಟ್ಟಿರಲಿಲ್ಲ. ಮಣಿಕಟ್ಟಿನ ಹತ್ತಿರ ಇನ್ನೊಂದು ಗಾಯವಿತ್ತು. ಕೊಕ್ಕೆಯ ಆಕಾರ, ತುದಿಯಲ್ಲಿ ಎರಡು ಚುಕ್ಕೆ. ಅವಳು ಅವನ ಕೈಯನ್ನು ಹೇಗೆ ಮಡಿಸಿದರೂ ಅದು ಏನನ್ನೂ ಮುಟ್ಟಲಿಲ್ಲ. ಎದೆಗೆ ಒತ್ತಿ ನೋಡಿದಳು, ಹೊಟ್ಟೆಗೆ ಇಟ್ಟು ನೋಡಿದಳು. ಅಂಗಿ ಬಿಚ್ಚಿಸಿ ಬೆನ್ನೂ ನೋಡಿದಳು. ಎಲ್ಲೂ ಏನೂ ಇರಲಿಲ್ಲ.

ಒಂಟಿ ಗಾಯ ಒಂಟಿಯಾಗಿಯೇ ಇರಬಹುದು, ಎಲ್ಲದಕ್ಕೂ ಜೋಡಿ ಇರಬೇಕೆಂದಿಲ್ಲ. ಆದರೆ ಕೊಕ್ಕೆಯ ಬೆನ್ನು ಚಪ್ಪಟೆಯಾಗಿ ಒತ್ತಿಕೊಂಡಿತ್ತು, ಅಲ್ಲಿ ಏನೋ ಬಿಗಿಯಾಗಿ ತಾಗಿ ಬಹಳ ಹೊತ್ತು ಇದ್ದಂತೆ. ವನಜಾ ಬ್ಯಾಗಿನಿಂದ ತೆಳು ಪ್ಲಾಸ್ಟಿಕ್ ಹಾಳೆ ತೆಗೆದು ಗಾಯದ ಮೇಲೆ ಹಿಡಿದು, ಪೆನ್ನಿನಲ್ಲಿ ಅದರ ಆಕಾರ ಎತ್ತಿಕೊಂಡಳು. ದಿನದಿಂದ ದಿನಕ್ಕೆ ಗಾಯ ಹಬ್ಬಿತೋ ಕುಗ್ಗಿತೋ ನೋಡಲು ಎಲ್ಲ ರೋಗಿಗಳಿಗೂ ಅವಳು ಹೀಗೇ ಮಾಡುತ್ತಿದ್ದಳು.

"ಇದರ ಜೋಡಿ ನಿಮ್ಮ ಮೈಮೇಲೆ ಇಲ್ಲ," ಎಂದಳು. "ಶುಕ್ರವಾರ ರಾತ್ರಿ ಈ ತೋಳು ಯಾರ ಮೈಮೇಲಿತ್ತು?"

ರಘುನಂದನ ಕೈ ಕಿತ್ತುಕೊಂಡ.

"ಅವನು ಏನಾದ್ರೂ ಹೇಳಿದ್ನಾ?"

"ಯಾರು?" ಎಂದ ಶಶಿಧರ್.

ಶಶಿಧರ್ ಎಷ್ಟು ಗದರಿಸಿದರೂ ರಘುನಂದನ ಬಟ್ಟಲಿನ ಕೆಂಪೆಣ್ಣೆಯನ್ನೇ ನೋಡುತ್ತಾ ಕೂತ. ಕೊನೆಗೆ ಒಬ್ಬ ಪೇದೆಯನ್ನು ಜಗುಲಿಯ ಮೇಲೆ ಬಿಟ್ಟು ಜೀಪು ಹೊರಟಿತು.

ಮದ್ದೂರಿನ ದಾರಿಯಲ್ಲಿ ಹೊತ್ತು ಇಳಿಯುತ್ತಿತ್ತು. ಕಬ್ಬಿನ ಗದ್ದೆಗಳು ಮುಗಿದು ಭತ್ತ, ಭತ್ತ ಮುಗಿದು ಮತ್ತೆ ಕಬ್ಬು. ನೀರು ನಿಂತ ಗದ್ದೆಗಳಲ್ಲಿ ಆಕಾಶ ತಲೆಕೆಳಗಾಗಿ ಮಲಗಿತ್ತು. ಜೀಪು ಅದರ ಮೇಲೇ ತೇಲಿಕೊಂಡು ಹೋಗುತ್ತಿದೆ ಎಂದು ವನಜಾಗೆ ಅನ್ನಿಸಿತು. ಪೂರಿಗಾಲಿಯಲ್ಲಿ ಅವಳು ಚಿಕ್ಕವಳಿದ್ದಾಗ ಅವರ ಬೀದಿಗೆ ಒಂದೇ ಕಂಬದ ದೀಪ. ಅದರ ಸುತ್ತ ಹುಳಗಳು ಬಂಗಾರದ ಧೂಳಿನಂತೆ ತಿರುಗುತ್ತಿದ್ದವು. ಅದರಡಿ ನಿಂತು ಮುಖ ಎತ್ತಿದರೆ ನೆಲವೇ ತಿರುಗಿದ ಹಾಗಾಗುತ್ತಿತ್ತು. ಆ ಸುಖದ ನೆನಪಿನಲ್ಲಿ ಅವಳ ಕಣ್ಣು ಎಳೆಯಿತು.

"ಅಂಬರೀಶನ್ನ ಬಿಡ್ಬೌದು ಮೇಡಂ," ಶಶಿಧರನ ದನಿ ಎಲ್ಲಿಂದಲೋ ಬಂತು. "ದೂರೇ ಸುಳ್ಳು ಅಂದ್ಮೇಲೆ ಅವನನ್ನ ಇಟ್ಕೊಂಡು ಏನ್ಮಾಡ್ಲಿ? ಶುಕ್ರವಾರ ರಾತ್ರಿ ಅವನು ಶಿವನಸಮುದ್ರದಲ್ಲಿ ಗೆಳೆಯನ ಮನೇಲಿ ಮಲಗಿದ್ನಂತೆ. ಕರಿಯಪ್ಪನ ಸಾವಿಗೂ ಅವನಿಗೂ ಸಂಬಂಧ ಇಲ್ಲ."

ವನಜಾ ಹೂಂ ಎಂದಳು. ಎದೆ ಹಗುರಾಯಿತು.

ಠಾಣೆಯ ಎದುರು ಹೊಂಗೆ ಮರದ ಕೆಳಗೆ ಪಟ್ಟಲಮ್ಮ ಬೆಳಿಗ್ಗೆ ಕೂತ ಜಾಗದಲ್ಲೇ ಕೂತಿದ್ದಳು. ಮಡಿಲಲ್ಲಿ ಬುತ್ತಿ, ಗಂಟು ಬಿಚ್ಚಿರಲಿಲ್ಲ. ಜೀಪು ಕಂಡದ್ದೇ ಎದ್ದು ಓಡಿಬಂದಳು.

"ಏನಾಯ್ತು ವನಜಮ್ಮ?"

"ಆಸಿಡ್ ಅಲ್ಲ ಚಿಕ್ಕವ್ವ. ಅಂಬರೀಶ ಏನೂ ಎರಚಿಲ್ಲ. ಬಿಡ್ತಾರೆ."

ಪಟ್ಟಲಮ್ಮ ಅಳಲಿಲ್ಲ. ವನಜಾಳ ಎರಡೂ ಕೈ ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡಳು. ನಾಟಿ ಮಾಡಿ ಮಾಡಿ ಒರಟಾದ ಬೆರಳು.

"ಒಂದು ಉಪಕಾರ ಮಾಡವ್ವ. ನೀನು ಒಂದ್ಸಲ ಒಳಗೋಗಿ ನೋಡ್ಕೊಂಡು ಬಾ. ಮೈಮ್ಯಾಲೆ ಏಟು ಗೀಟು ಬಿದ್ದದಾ ಅಂತ. ನಾನು ಕೇಳಿದ್ರೆ ಅವ್ನು ಇಲ್ಲ ಅಂತಾನೆ. ನೀನು ಮೈ ನೋಡಿದ್ರೆ ಗೊತ್ತಾಯ್ತದಲ್ಲ."

ಶಶಿಧರ್ ನಕ್ಕ. "ನೋಡಿ ಮೇಡಂ, ನೋಡಿ. ಯಾರೂ ಒಂದು ಬೆರಳು ಸೋಕಿಸಿಲ್ಲ. ಅಷ್ಟೊತ್ಗೆ ನಾನು ಕಾಗದ ರೆಡಿ ಮಾಡಿಸ್ತೀನಿ."

ಅಂಬರೀಶ ಗೋಡೆಗೆ ಒರಗಿ ಕೂತಿದ್ದ. ಇಷ್ಟು ಸೆಕೆಯಲ್ಲೂ ಅಂಗಿಯ ಗುಂಡಿಯನ್ನು ಕತ್ತಿನವರೆಗೆ ಹಾಕಿದ್ದ. ವನಜಾಳನ್ನು ಕಂಡು ಎದ್ದು ನಿಂತ.

"ಬಿಡ್ತಾರೆ ಕಣೋ," ಎಂದಳು ಅವಳು. "ನಿಮ್ಮವ್ವ ಆಚೆ ಕೂತಿದ್ದಾಳೆ. ಮೈ ನೋಡು ಅಂದ್ಲು. ಅಂಗಿ ಬಿಚ್ಚು."

"ಏನೂ ಇಲ್ಲಕ್ಕ. ಯಾರೂ ಒಡ್ದಿಲ್ಲ."

"ನಿಮ್ಮವ್ವಂಗೆ ಹೇಳ್ಬೇಕಲ್ಲ. ಬಿಚ್ಚು."

ಅವನು ತಡೆದು ತಡೆದು ಗುಂಡಿ ಬಿಚ್ಚಿದ. ಎದೆ ನೋಡಿದಳು, ಬೆನ್ನು ನೋಡಿದಳು, ಪಕ್ಕೆ ನೋಡಿದಳು. ಏಟಿನ ಒಂದು ಗುರುತೂ ಇಲ್ಲ. ಪಟ್ಟಲಮ್ಮನಿಗೆ ಹೇಳುವ ಮಾತು ಬಾಯಲ್ಲಿ ಸಿದ್ಧವಾಗುತ್ತಿತ್ತು.

ಅವನು ಅಂಗಿ ಮೇಲೆಳೆದುಕೊಳ್ಳಲು ತಲೆ ಬಾಗಿಸಿದ.

ಬಲಗಿವಿಯ ಕೆಳಗಿನಿಂದ ಹಿಂಗತ್ತಿನ ಕಡೆಗೆ ಒಂದು ಗೆರೆ. ಅಂಚು ಕೆಂಪು, ನಡುವೆ ಬೂದು. ಅದರ ಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆ. ಕೊಕ್ಕೆಯ ಆಕಾರ, ತುದಿಯಲ್ಲಿ ಎರಡು ಚುಕ್ಕೆ.

ಕಿಟಕಿಯ ಕಂಬಿಗಳ ಆಚೆ ಬೀದಿದೀಪ ಹತ್ತಿತು. ವನಜಾಗೆ ತಾನು ಎಚ್ಚರವಾಗಿದ್ದೇನೋ ಇಲ್ಲವೋ ಎಂದು ಅನುಮಾನ ಬಂತು. ಬ್ಯಾಗಿನಿಂದ ಪ್ಲಾಸ್ಟಿಕ್ ಹಾಳೆ ತೆಗೆದು, ಮಗುಚಿ, ಅವನ ಕತ್ತಿನ ಮೇಲೆ ಹಿಡಿದಳು. ಗೆರೆಯ ಮೇಲೆ ಗೆರೆ ಕೂತಿತು. ಚುಕ್ಕೆಯ ಮೇಲೆ ಚುಕ್ಕೆ.

"ಏನಕ್ಕ ಅದು?"

"ಶಿವನಸಮುದ್ರದಲ್ಲಿ ಮಲಗಿದ್ದೆ ಅಂದ್ಯಲ್ಲ ಅಂಬರೀಶ."

ಇವನನ್ನು ಬಿಡಿಸಲೆಂದು ಹಿಡಿದ ಹಾಳೆ ಇವನನ್ನೇ ಆ ಪಂಪ್‌ಸೆಟ್ ಮನೆಯ ದೀಪದ ಕೆಳಗೆ ತಂದು ನಿಲ್ಲಿಸಿತ್ತು. ಹಾಳೆಯನ್ನು ಮಡಚಿ ಬ್ಯಾಗಿನ ತಳಕ್ಕೆ ತಳ್ಳಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಆ ಯೋಚನೆ ಬಂದದ್ದಕ್ಕೇ ಅವಳಿಗೆ ಹೆದರಿಕೆಯಾಯಿತು.

ಹೆದರಿಕೆಯ ನಡುವೆಯೂ ಅವಳ ಕಣ್ಣು ತನ್ನ ಕೆಲಸ ಬಿಡಲಿಲ್ಲ. ಎಲ್ಲಿದೆ ಗಾಯ? ಕೊರಳು ಹಿಸುಕುವ ತೋಳು ಗಂಟಲಿಗೆ ಬರುತ್ತದೆ. ಇದು ಹಿಂಗತ್ತಿನಲ್ಲಿತ್ತು.

"ಅವನು ನಿನ್ನ ಕತ್ತು ಹಿಸುಕಲಿಲ್ಲ," ಎಂದಳು. "ಎದುರಿಗೆ ನಿಂತು ತಬ್ಕೊಂಡಿದ್ದ."

ಅಂಬರೀಶ ಕತ್ತಿನ ಮೇಲೆ ಕೈ ಇಟ್ಟುಕೊಂಡ.

"ತಬ್ಕೊಂಡು ಅಳ್ತಿದ್ದ ಅಕ್ಕ. ಬುಡ್ನೇ ಇಲ್ಲ. ಯಾರ್ಗೂ ಏಳ್ಬ್ಯಾಡ ಕಣೋ, ಏಳ್ಬ್ಯಾಡ ಕಣೋ ಅಂತ. ನಾನು ಏಳ್ಬುಡ್ತೀನಿ ಅಂತ ಎದ್ರಿನೇ ನನ್ ಮ್ಯಾಲೆ ಈ ದೂರು ಕೊಟ್ಟವ್ನೆ."

"ಏನನ್ನ ಹೇಳ್ಬೇಡ ಅಂತ?"

ಹೊರಗೆ ಶಶಿಧರನ ಬೂಟಿನ ಸದ್ದು ಹತ್ತಿರವಾಯಿತು. ಅವನ ಹಿಂದೆಯೇ ಪಟ್ಟಲಮ್ಮನ ದನಿ, ಮಗನನ್ನು ಹೆಸರು ಹಿಡಿದು ಕರೆಯುತ್ತಿದ್ದಳು. ಬೀಗಕ್ಕೆ ಕೀಲಿ ಬಿತ್ತು.

ಅಂಬರೀಶ ಅವಳ ಕಿವಿಯ ಹತ್ತಿರ ಬಾಗಿದ.

"ನಾವು ಅಲ್ಲಿಂದ ಎದ್ದು ಬಂದಾಗ," ಎಂದ, "ಕಾಲುವೇಲಿ ಬಿದ್ದಿದ್ದ ಕರಿಯಪ್ಪಾರ್ಗೆ ಇನ್ನೂ ಉಸ್ರಿತ್ತು."